ಹುಣಸೂರಿನ ಹಾದಿ, ದೆಹಲಿಯ ಹಲಗೆ

ಮೈಸೂರಿನಿಂದ ಮಡಿಕೇರಿಯ ಹೆದ್ದಾರಿಯನ್ನು ಹಿಡಿದು ಹೊರಟ ಪ್ರವಾಸಿಗೆ ಸುಮಾರು 45 ಕಿಲೋಮೀಟರಿನ ಮೇಲೆ ಹುಣಸೂರು ಎದುರಾಗುತ್ತದೆ. ಲಕ್ಷ್ಮಣತೀರ್ಥದ ದಡದ ಈ ಊರು ಒಂದು ಕಾಲಕ್ಕೆ ಅಮೃತಮಹಲ್ ದನಗಳಿಗೂ ಚರ್ಮ ಹದಮಾಡುವ ಕಸುಬಿಗೂ ಹೆಸರಾಗಿತ್ತು. ಈಗ ಹೊಗೆಸೊಪ್ಪಿಗೆ ಹೆಸರಾಗಿದೆ. ಇಲ್ಲಿಂದ ದಾರಿಗಳು ಕವಲೊಡೆಯುತ್ತವೆ. ಪಶ್ಚಿಮಕ್ಕೆ ಪಿರಿಯಾಪಟ್ಟಣ, ಉತ್ತರಕ್ಕೆ ಕೃಷ್ಣರಾಜನಗರ, ದಕ್ಷಿಣಕ್ಕೆ ಹೆಗ್ಗಡದೇವನಕೋಟೆ. ಪಿರಿಯಾಪಟ್ಟಣದ ದಾರಿ ಏರುತ್ತ ಇಳಿಯುತ್ತ, ತಂಬಾಕಿನ ಬ್ಯಾರನ್ನುಗಳ ನಡುವೆ ನುಸುಳಿ ಸಾಗುತ್ತದೆ. ಬೆಟ್ಟದಪುರದ ಮಲ್ಲಿಕಾರ್ಜುನನ ಬೆಟ್ಟ ದೂರದಿಂದಲೇ ಕಣ್ಣಿಗೆ ಬೀಳುತ್ತದೆ. ಕೃಷ್ಣರಾಜನಗರದ ಕಡೆ ನಾಲೆಗಳ ಸೀಮೆ, ಭತ್ತದ ಸೀಮೆ. ದಾರಿಯೂ ಬಹುಮಟ್ಟಿಗೆ ಸಮತಟ್ಟು. ಹೆಗ್ಗಡದೇವನಕೋಟೆಯ ದಾರಿ ಮಾತ್ರ ಹೋದಷ್ಟೂ ಕಾಡಿನ ಕಡೆಗೆ ತಿರುಗುತ್ತದೆ.

ಬೆಳಗಿನ ಒಂಬತ್ತರ ಸುಮಾರಿಗೆ ಈ ದಾರಿಗಳಲ್ಲಿ ಯಾವುದನ್ನು ಹಿಡಿದರೂ ಕಾಣುವ ನೋಟ ಬೈಸಿಕಲ್ಲಿನದು. ರಾಜ್ಯ ಸರ್ಕಾರ 2006–07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಕೊಡುವ ಯೋಜನೆಯನ್ನು ಆರಂಭಿಸಿದ ಮೇಲೆ, ಹಳ್ಳಿಯಿಂದ ಪ್ರೌಢಶಾಲೆಗೆ ಮೂರು ನಾಲ್ಕು ಮೈಲಿ ನಡೆಯಬೇಕಾಗಿದ್ದ ಎಷ್ಟೋ ಹುಡುಗಿಯರು ಪೆಡಲು ತುಳಿಯತೊಡಗಿದರು. ಏಳನೆಯ ತರಗತಿಗೇ ಓದು ಮುಗಿಸಿ ಮನೆಯಲ್ಲಿ ಕುಳಿತುಬಿಡಬಹುದಾಗಿದ್ದವರು ಅವರಲ್ಲಿ ಹಲವರು. ಕೊರೋನಾ ಕಾಲದಲ್ಲಿ ವಿತರಣೆ ನಿಂತಿತು. ಹಳೆಯ ಸೈಕಲ್ಲುಗಳು ಅಕ್ಕನಿಂದ ತಂಗಿಗೆ, ತಂಗಿಯಿಂದ ನೆರೆಮನೆಗೆ ಕೈದಾಟಿದವು. ಕ್ಯಾರಿಯರಿನ ಮೇಲೆ ಪುಸ್ತಕದ ಚೀಲ, ಅದರ ಮೇಲೊಬ್ಬ ಗೆಳತಿ, ಎದುರಿಗೆ ದಿಣ್ಣೆ. ಇಷ್ಟನ್ನೂ ಒಂದೇ ಉಸಿರಿಗೆ ಹತ್ತಿಸುವ ಹುಡುಗಿಯನ್ನು ಕಂಡವನು, ಈ ಕಾಲುಗಳಿಗೆ ತಕ್ಕ ಶಿಕ್ಷಣ ದೊರೆತರೆ ಎಲ್ಲಿಗೆ ಮುಟ್ಟಿಯಾವು ಎಂದು ಒಂದು ಗಳಿಗೆ ಯೋಚಿಸದೆ ಇರಲಾರ.

ಮುಟ್ಟಬೇಕಾದ ಸ್ಥಳದ ಹೆಸರು ವೆಲೋಡ್ರೋಮ್. ಅದು ಸೈಕಲ್ ಪಂದ್ಯಕ್ಕೆಂದೇ ಕಟ್ಟಿದ ಮೊಟ್ಟೆಯಾಕಾರದ ಓಟದ ಪಥ. ಅಂತರರಾಷ್ಟ್ರೀಯ ಅಳತೆಯ ಪಥ ಒಂದು ಸುತ್ತಿಗೆ 250 ಮೀಟರು. ತಿರುವುಗಳಲ್ಲಿ ಅದು ಸುಮಾರು 42 ಡಿಗ್ರಿಗಳಷ್ಟು ಓರೆಯಾಗಿ ಗೋಡೆಯಂತೆ ಏಳುತ್ತದೆ. ಬರಿಗಾಲಿನಲ್ಲಿ ಹತ್ತುವುದೇ ಕಷ್ಟ. ಅಲ್ಲಿನ ಸೈಕಲ್ಲನ್ನು ಹುಣಸೂರಿನ ರಿಪೇರಿ ಅಂಗಡಿಗೆ ತಂದರೆ ಅಂಗಡಿಯವನು ನಕ್ಕಾನು. ಬ್ರೇಕ್ ಇಲ್ಲ, ಬೆಲ್ಲಿಲ್ಲ, ಫ್ರೀವ್ಹೀಲ್ ಕೂಡ ಇಲ್ಲ. ಚಕ್ರ ತಿರುಗುವವರೆಗೆ ಪೆಡಲೂ ತಿರುಗಲೇಬೇಕು, ಕಾಲಿಗೆ ಬಿಡುವೆಂಬುದಿಲ್ಲ. ತಿರುವಿನಲ್ಲಿ ಭಯಪಟ್ಟು ವೇಗ ತಗ್ಗಿಸಿದವನೇ ಮೊದಲು ಜಾರಿ ಬೀಳುವವನು. ಈ ವಿದ್ಯೆಯನ್ನು ಪುಸ್ತಕದಿಂದಾಗಲಿ ಹೆದ್ದಾರಿಯಿಂದಾಗಲಿ ಕಲಿಯಲು ಬರುವುದಿಲ್ಲ; ಆ ಓರೆಯ ಮೇಲೆ ಸಾವಿರ ಸಲ ಸುತ್ತಿಯೇ ಕಲಿಯಬೇಕು.

ಹೆಂಗಸರಿಗೆ ಈ ಪಥದ ಬಾಗಿಲು ತೆರೆದದ್ದೂ ತಡವಾಗಿ. ಗಂಡಸರು 1896ರ ಅಥೆನ್ಸ್ ಒಲಿಂಪಿಕ್ಸಿನಲ್ಲಿಯೇ ಟ್ರ್ಯಾಕಿನ ಮೇಲೆ ಓಡಿದ್ದರು. ಮಹಿಳೆಯರಿಗೆ ವಿಶ್ವ ಚಾಂಪಿಯನ್ ಪದವಿ ದೊರೆಯಲು 1958 ಬರಬೇಕಾಯಿತು; ಆ ವರ್ಷದ ಸ್ಪ್ರಿಂಟ್ ಪ್ರಶಸ್ತಿ ಸೋವಿಯತ್ ದೇಶದ ಗಲೀನಾ ಯೆರ್ಮೊಲಾಯೆವಾಳ ಪಾಲಾಯಿತು. ಒಲಿಂಪಿಕ್ ಟ್ರ್ಯಾಕು ಮಹಿಳೆಯರಿಗೆ ದೊರೆತದ್ದು 1988ರ ಸೋಲ್ ಕೂಟದಲ್ಲಿ. ಭಾರತದ ಮಾತು ಹೇಳುವುದಾದರೆ, 1964ರ ಟೋಕಿಯೊ ಆದ ಮೇಲೆ 2024ರ ಪ್ಯಾರಿಸ್‌ವರೆಗೆ ಗಂಡಾಗಲಿ ಹೆಣ್ಣಾಗಲಿ ಒಬ್ಬ ಸೈಕಲ್ ಸವಾರರೂ ಒಲಿಂಪಿಕ್ಸಿಗೆ ಹೋಗಲಿಲ್ಲ.

ಈ ಶೂನ್ಯದ ನಡುವೆ ಡೆಬೊರಾ ಹೆರಾಲ್ಡಳ ಜೀವನ ನೋಡತಕ್ಕದ್ದು. ಆಕೆ ಹುಟ್ಟಿದ್ದು 1995ರಲ್ಲಿ, ನಿಕೋಬಾರ್ ದ್ವೀಪದಲ್ಲಿ. 2004ರ ಡಿಸೆಂಬರ್ 26ರಂದು ಸುನಾಮಿಯ ಅಲೆ ಬಂದಾಗ ಆಕೆಗೆ ಒಂಬತ್ತು ವರ್ಷ. ಮರವೊಂದನ್ನು ಅಪ್ಪಿ ದಿನಗಟ್ಟಲೆ ಅದರ ಮೇಲೆಯೇ ಉಳಿದು ಬದುಕಿದಳು. ಪತ್ರಿಕೆಗಳು ಆ ಮರದ ಕಥೆಯನ್ನೇ ಮೇಲಿಂದ ಮೇಲೆ ಬರೆದವು. ಬರೆಯಲಿ, ತಪ್ಪಿಲ್ಲ. ಆದರೆ ಮರ ಆಕೆಯನ್ನು ಬದುಕಿಸಿತೇ ಹೊರತು ಚಾಂಪಿಯನ್ ಮಾಡಲಿಲ್ಲ. ಮಾಡಿದ್ದು ದೆಹಲಿಯ ಇಂದಿರಾ ಗಾಂಧಿ ಕ್ರೀಡಾಂಗಣದ ಹಲಗೆಯ ಪಥ. 2010ರ ಕಾಮನ್‌ವೆಲ್ತ್ ಕ್ರೀಡೆಗಳಿಗಾಗಿ ಕಟ್ಟಿದ ಆ ಒಳಾಂಗಣದಲ್ಲಿ, ಸಮುದ್ರದಾಚೆಯಿಂದ ಬಂದ ಈ ಹುಡುಗಿ ಊಟ, ವಸತಿ, ತರಬೇತುದಾರ, ಒಳ್ಳೆಯ ಸೈಕಲ್ಲು ಎಲ್ಲವನ್ನೂ ಒಂದೇ ಕಡೆ ಪಡೆದಳು. ಆಕೆಯ ಮೆಚ್ಚಿನ ಸ್ಪರ್ಧೆ 500 ಮೀಟರಿನ ಟೈಮ್ ಟ್ರಯಲ್: ನಿಂತಲ್ಲಿಂದ ಹೊರಟು ಎರಡೇ ಸುತ್ತು, ಎದುರಾಳಿ ಗಡಿಯಾರ ಮಾತ್ರ, ಎಲ್ಲವೂ 35 ಸೆಕೆಂಡಿನ ಆಸುಪಾಸಿನಲ್ಲಿ ತೀರಿಹೋಗುತ್ತದೆ. ಹುಣಸೂರಿನ ಬಸ್ಸು ನಿಲ್ದಾಣದಲ್ಲಿ ಒಂದು ಟೀ ಕೈಗೆ ಬರುವುದಕ್ಕೂ ಅದಕ್ಕಿಂತ ಹೆಚ್ಚು ಹೊತ್ತು ಬೇಕು. ಟ್ರ್ಯಾಕ್ ಏಷ್ಯಾ ಕಪ್ಪಿನಲ್ಲಿ ಚಿನ್ನ ಗೆದ್ದ ಆಕೆ 2015ರಲ್ಲಿ ಆ ಸ್ಪರ್ಧೆಯ ವಿಶ್ವ ಶ್ರೇಯಾಂಕದಲ್ಲಿ ನಾಲ್ಕನೆಯ ಸ್ಥಾನಕ್ಕೇರಿದಳು. ಒಲಿಂಪಿಕ್ಸು ಮಾತ್ರ ಕೈಗೆಟುಕಲಿಲ್ಲ.

ದೆಹಲಿಯಷ್ಟು ದೂರ ಹೋಗದೆ ಕನ್ನಡ ನಾಡಿನಲ್ಲಿಯೇ ನೋಡಬೇಕೆಂದರೆ ಮೈಸೂರು ಸೀಮೆಯಿಂದ 600 ಕಿಲೋಮೀಟರಿಗೂ ಮಿಕ್ಕಿದ ವಿಜಯಪುರಕ್ಕೆ ನಡೆಯಬೇಕು. ಕರಿಮಣ್ಣಿನ ಆ ಬಯಲಿನಲ್ಲಿ ಸೈಕಲ್ ಪಂದ್ಯ ಜನರ ಮೆಚ್ಚಿನ ಆಟ. ವಿಜಯಪುರ, ಬಾಗಲಕೋಟೆಗಳ ಕ್ರೀಡಾನಿಲಯಗಳಿಂದಲೂ ರಾಮದುರ್ಗ ತಾಲ್ಲೂಕಿನ ಚಂದರಗಿಯ ಕ್ರೀಡಾಶಾಲೆಯಿಂದಲೂ ರೈತರ ಮನೆಯ ಹುಡುಗಿಯರು ರಾಷ್ಟ್ರೀಯ ಕೂಟಗಳಿಗೆ ಹೋಗಿ ಪದಕ ತಂದಿದ್ದಾರೆ. ವಿಚಿತ್ರವೆಂದರೆ ಅಂಥ ಊರಿನಲ್ಲಿಯೂ ವೆಲೋಡ್ರೋಮಿನ ಕಾಮಗಾರಿ ವರ್ಷಗಟ್ಟಲೆ ಎಳೆದಾಡಿತು. ಅಷ್ಟು ಕಾಲವೂ ಹುಡುಗಿಯರು ಲಾರಿಗಳ ನಡುವೆ ಹೆದ್ದಾರಿಯಲ್ಲೇ ಅಭ್ಯಾಸ ಮಾಡಿ, ಓರೆಯ ಪಥವನ್ನು ಪಂದ್ಯದ ಊರಿಗೆ ಹೋಗಿ ಹತ್ತಿದರು. ಹಾಗಿದ್ದೂ ಗೆದ್ದರೆಂದರೆ ಆ ಸೀಮೆಯಲ್ಲಿ ಪಥಕ್ಕೂ ಮೊದಲು ಬೇಕಾದದ್ದೊಂದು ಇತ್ತು: ಮಗಳನ್ನು ಹನ್ನೆರಡನೆಯ ವಯಸ್ಸಿಗೆ ಕ್ರೀಡಾನಿಲಯಕ್ಕೆ ಕಳಿಸುವ ಮನೆ, ಪಂದ್ಯ ನೋಡಲು ರಸ್ತೆಯ ಬದಿಗೆ ಬಂದು ನಿಲ್ಲುವ ಊರು, ಮುಂದೆ ರೈಲ್ವೆಯಲ್ಲೋ ಪೊಲೀಸಿನಲ್ಲೋ ಒಂದು ನೌಕರಿ ಸಿಕ್ಕೀತೆಂಬ ನಂಬಿಕೆ.

ಹುಣಸೂರಿನ ಸುತ್ತಿನ ನಾಲ್ಕು ತಾಲ್ಲೂಕುಗಳಲ್ಲಿ ವೆಲೋಡ್ರೋಮ್ ಇಲ್ಲ. ಕಟ್ಟುವುದು ಕೋಟಿಗಳ ಮಾತು. ಆದರೆ ಸ್ಟಾಪ್‌ವಾಚ್ ಹಿಡಿದ ಒಬ್ಬ ವ್ಯಾಯಾಮ ಶಿಕ್ಷಕರಿಗೆ ಕೋಟಿ ಬೇಕಾಗಿಲ್ಲ. ಕೃಷ್ಣರಾಜನಗರದಿಂದ ಚುಂಚನಕಟ್ಟೆಯ ಕಡೆಗೆ ಹೋಗುವ ಸೀಮೆಯಲ್ಲಿ, ಜನವರಿಯ ದನಗಳ ಜಾತ್ರೆಯ ದಿನಗಳನ್ನು ಬಿಟ್ಟರೆ, ಮುಂಜಾನೆ ಆರಕ್ಕೆ ಖಾಲಿಯಿರುವ ಸಮನಾದ ರಸ್ತೆಯ ತುಂಡು ಹುಡುಕುವುದು ಕಷ್ಟವಲ್ಲ. 500 ಮೀಟರು ಅಳೆದು ಎರಡು ಸುಣ್ಣದ ಗೆರೆ ಎಳೆದರೆ, ಯಾವ ಹುಡುಗಿಯ ಕಾಲಿನಲ್ಲಿ ಏನಿದೆಯೆಂಬುದು ಒಂದು ಬೆಳಗಿನಲ್ಲಿ ಗೊತ್ತಾಗುತ್ತದೆ. ಈಗ ಮಹಿಳೆಯರ ಸ್ಪರ್ಧೆಯ ದೂರವನ್ನೂ ಹೆಚ್ಚಿಸಿದ್ದಾರೆ: 2025ರಿಂದ ಅವರೂ ಗಂಡಸರಂತೆ ಪೂರಾ ಒಂದು ಕಿಲೋಮೀಟರು ಓಡುತ್ತಾರೆ. ದಿಣ್ಣೆ ಹತ್ತಿ ಪಳಗಿದವರಿಗೆ ಅದರಿಂದ ನಷ್ಟವೇನೂ ಇಲ್ಲ.

ಹೆಗ್ಗಡದೇವನಕೋಟೆಯ ಕಡೆ ಈ ಲೆಕ್ಕವೂ ನಡೆಯದು. ಅಲ್ಲಿ ಕಬಿನಿಯ ಹಿನ್ನೀರು, ನಾಗರಹೊಳೆಯ ಕಾಡು, ಜೇನುಕುರುಬರ ಹಾಡಿಗಳು. ಕಾಡಂಚಿನ ದಾರಿಯಲ್ಲಿ ಮುಂಜಾನೆ ಆರಕ್ಕೆ ಹುಡುಗಿಯನ್ನು ಒಬ್ಬಳೇ ಕಳಿಸುವ ತಾಯಿಯಿಲ್ಲ; ಆನೆ ಇನ್ನೂ ಹೊಲ ಬಿಟ್ಟು ಹೋಗಿರುವುದಿಲ್ಲ. ಸಂಜೆ ಶಾಲೆ ಬಿಟ್ಟೊಡನೆ ಹುಡುಗಿಯರು ಗುಂಪುಗೂಡಿ ಹೊರಡುತ್ತಾರೆ, ಕತ್ತಲಿಗೆ ಮೊದಲೇ ಮನೆ ಸೇರುವಂತೆ ಜೋರಾಗಿ ತುಳಿಯುತ್ತಾರೆ. ಹಿಂದೆ ಬಿದ್ದ ಚಿಕ್ಕವಳಿಗಾಗಿ ಮುಂದಿನವಳು ತಿರುವಿನಲ್ಲಿ ಒಂದು ಕಾಲು ಊರಿ ಕಾಯುತ್ತಾಳೆ.