ಹೆತ್ತವರಿಲ್ಲದ ವೀರರು

ಗೆಲ್ಲುವುದಕ್ಕಾಗಿ ಆಡುವ ಆಟಗಳು ಕೆಲವು. ಹೊತ್ತು ಕಳೆಯುವುದಕ್ಕಾಗಿ ಆಡುವವು ಕೆಲವು. ಈ ಎರಡು ಪಂಗಡಕ್ಕೂ ಸೇರದೆ, ಆಟ ಮೊದಲಾಗುವ ಮುನ್ನವೇ ಆಡುವವನಿಂದ ಒಂದು ಮನುಷ್ಯಜನ್ಮವನ್ನು ಕೇಳುವ ಆಟವೊಂದು ಅಮೆರಿಕಾ ದೇಶದಲ್ಲಿ ಹುಟ್ಟಿ, ಈಗ ಬೆಂಗಳೂರಿನ ತರುಣರ ಕೈಗೂ ಬಂದಿದೆ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬುದು ಅದರ ಹೆಸರು. ದೊಡ್ಡವರು ಇದನ್ನು ಕಂಡು, ಓದುವ ಮಕ್ಕಳು ಕಾಲಹರಣ ಮಾಡುತ್ತಿರುವರೆಂದು ಸಿಡುಕುವುದುಂಟು. ಸಿಡುಕುವ ಮುನ್ನ ಆ ಮೇಜಿನ ಬಳಿ ಅರ್ಧಗಂಟೆ ಸುಮ್ಮನೆ ಕುಳಿತು ನೋಡುವುದು ಲೇಸು.

ಈ ಆಟ ಪ್ರಕಟವಾದುದು 1974ರಲ್ಲಿ. ವಿಸ್ಕಾನ್ಸಿನ್ ಸಂಸ್ಥಾನದ ಲೇಕ್ ಜಿನೀವಾ ಎಂಬ ಸಣ್ಣ ಊರಿನ ಗ್ಯಾರಿ ಗೈಗ್ಯಾಕ್ಸ್, ನೆರೆಯ ಮಿನಿಸೋಟದ ಡೇವ್ ಆರ್ನೆಸನ್ ಎಂಬಿಬ್ಬರು ಇದರ ಕರ್ತೃಗಳು. ಮೂರು ಕಿರುಪುಸ್ತಕಗಳನ್ನು ಒಂದು ಪೆಟ್ಟಿಗೆಯಲ್ಲಿಟ್ಟು ಮಾರಿದರು. ಮೊದಲ ಸಲ ಅಚ್ಚಾದುದು 1000 ಪ್ರತಿಗಳು ಮಾತ್ರ. ಅದಕ್ಕೆ ಮುಂಚೆ ಈ ಇಬ್ಬರೂ ಪುಟ್ಟ ಸಿಪಾಯಿಗೊಂಬೆಗಳನ್ನು ಮೇಜಿನ ಮೇಲೆ ಹೂಡಿ ಯುದ್ಧದಾಟ ಆಡುತ್ತಿದ್ದವರು. ಅಂತಹ ಆಟಗಳಲ್ಲಿ ಒಂದು ಗೊಂಬೆಯೆಂದರೆ ಹಲವು ಯೋಧರ ಲೆಕ್ಕ. ಸತ್ತರೆ ಗೊಂಬೆಯನ್ನು ಪಕ್ಕಕ್ಕಿಡುವುದು, ಅಳುವವರಿಲ್ಲ. ಆರ್ನೆಸನ್ನರು ತಮ್ಮ ಗೆಳೆಯರಿಗೆ ಒಬ್ಬೊಬ್ಬರಿಗೂ ಒಂದೊಂದೇ ಆಳನ್ನು ಕೊಟ್ಟು, ಆ ಆಳು ಆಟದಿಂದ ಆಟಕ್ಕೆ ಬದುಕಿ ಬೆಳೆಯುವಂತೆ ಮಾಡಿದರು. ಅಲ್ಲಿಗೆ ಸೇನೆ ಕರಗಿ ಮನುಷ್ಯನು ಉಳಿದನು.

ಆಡುವವರಲ್ಲಿ ಒಬ್ಬನು ಸೂತ್ರಧಾರ. ಕಾಡು, ಗುಹೆ, ರಾಕ್ಷಸ, ಅರಸು, ಪೇಟೆಯ ಸೆಟ್ಟಿ ಎಲ್ಲವನ್ನೂ ಬಾಯಿಮಾತಿನಿಂದಲೇ ಕಟ್ಟುವವನು ಇವನು. ಉಳಿದವರು ತಮ್ಮ ತಮ್ಮ ಪಾತ್ರವಾಗಿ ನಿಂತು, ಇಂತಹ ಸಂಕಟದಲ್ಲಿ ತಾವು ಇಂತಿಂತು ಮಾಡುವೆವೆಂದು ಹೇಳಬೇಕು. ಕತ್ತಿಯ ಏಟು ತಗುಲಿತೋ ತಪ್ಪಿತೋ ಎಂಬುದನ್ನು ದಾಳವು ತೀರ್ಮಾನಿಸುತ್ತದೆ. ಒಂದು ಕಥೆ ತಿಂಗಳುಗಟ್ಟಲೆ, ಒಮ್ಮೊಮ್ಮೆ ವರ್ಷಗಟ್ಟಲೆ ನಡೆಯುವುದು. ತಾಳಮದ್ದಳೆಯನ್ನು ಕೇಳಿ ಬಲ್ಲವರಿಗೆ ಇದರ ಸೊಗಸು ಕೂಡಲೇ ತಿಳಿಯುವುದು: ವೇಷವಿಲ್ಲ, ರಂಗವಿಲ್ಲ, ಕುಳಿತಲ್ಲಿಯೇ ಮಾತಿನಿಂದ ಪಾತ್ರ ಏಳಬೇಕು. ಆದರೆ ಅಲ್ಲಿನ ಅರ್ಥಧಾರಿಗೆ ಕೃಷ್ಣನನ್ನೋ ಕೌರವನನ್ನೋ ವ್ಯಾಸರೇ ಹಡೆದು ಕೊಟ್ಟಿರುವರು. ಇಲ್ಲಿ ಆಡುವವನೇ ಹೆರಬೇಕು.

ಈ ಹೆರಿಗೆಗೆ ಮೊದಲ ಉಪಕರಣ ದಾಳ. ಮೂಲನಿಯಮದಂತೆ ಬಲ, ಬುದ್ಧಿ, ವಿವೇಕ, ದೇಹದಾರ್ಢ್ಯ, ಚುರುಕು, ವರ್ಚಸ್ಸು ಎಂಬ ಆರು ಗುಣಗಳಿಗೆ ಒಂದೊಂದಕ್ಕೂ ಮೂರು ದಾಳಗಳನ್ನು ಉರುಳಿಸಿ, ಬಂದ ಮೊತ್ತವನ್ನು ಹಾಳೆಯಲ್ಲಿ ಬರೆದುಕೊಳ್ಳಬೇಕು. ಮೂರು ದಾಳಗಳು 216 ಬಗೆಯಾಗಿ ಬೀಳಬಲ್ಲವು. ಅವುಗಳಲ್ಲಿ 18 ಬರುವುದು ಒಂದೇ ಬಗೆಯಲ್ಲಿ, 3 ಬರುವುದೂ ಒಂದೇ ಬಗೆಯಲ್ಲಿ. 10 ಅಥವಾ 11 ಬರುವುದು 54 ಬಗೆಗಳಲ್ಲಿ. ಭೀಮನೂ ಅಪರೂಪ, ತೀರ ನಿತ್ರಾಣಿಯೂ ಅಪರೂಪ. ಲೋಕದಲ್ಲಿರುವಂತೆಯೇ ನಡುತರದವರು ಹೆಚ್ಚು.

ದೈವ ಕೊಟ್ಟುದು ಸಾಲದೆಂದು ಮನುಷ್ಯನಿಗೆ ಬೇಗನೆ ತೋರುವುದು. 1979ರ ಗ್ರಂಥದಲ್ಲಿ ಗೈಗ್ಯಾಕ್ಸರು, ನಾಲ್ಕು ದಾಳಗಳನ್ನು ಉರುಳಿಸಿ ಅತ್ಯಲ್ಪವಾದುದನ್ನು ಬಿಟ್ಟು, ಬಂದ ಅಂಕಗಳನ್ನು ಬೇಕಾದ ಗುಣಕ್ಕೆ ಹಚ್ಚಿಕೊಳ್ಳುವ ಪದ್ಧತಿಗೆ ಎಡೆಗೊಟ್ಟರು, 10.5 ಇದ್ದ ಸರಾಸರಿ 12.24ಕ್ಕೆ ಏರಿತು. 2014ರ ಆವೃತ್ತಿಯಲ್ಲಂತೂ ದಾಳವನ್ನು ಮುಟ್ಟದೆ 15, 14, 13, 12, 10, 8 ಎಂಬ ಸಿದ್ಧ ಅಂಕಗಳನ್ನು ಹಂಚಿಕೊಳ್ಳುವುದಕ್ಕೂ ಅನುಮತಿ ದೊರೆಯಿತು. ನ್ಯಾಯದ ದೃಷ್ಟಿಗೆ ಇದು ಒಳ್ಳೆಯದು; ರಸದ ದೃಷ್ಟಿಗೆ ಅಷ್ಟೇನೂ ಅಲ್ಲ. ಆ ಎಂಟನ್ನು ಎಲ್ಲಿಡುವುದು? ಬುದ್ಧಿ ಕಡಮೆಯಾದರೆ ನಷ್ಟ ಅಲ್ಪವೆಂದು ಲೆಕ್ಕ ಹಾಕಿ, ಕತ್ತಿ ಹಿಡಿಯುವವರು ಬಹುಮಟ್ಟಿಗೆ ಅದನ್ನು ಬುದ್ಧಿಯ ಪಾಲಿಗೆ ಹಾಕುವರು. ಉಪಾಧ್ಯಾಯ ವೃತ್ತಿಯಲ್ಲಿ ಹಣ್ಣಾದವರಿಗೆ ಇದರಲ್ಲಿ ಹೊಸದೇನೂ ಕಾಣದು. ತಾನೇ ಆಯ್ದುಕೊಂಡ ಕೊರತೆಗೂ ಅಕಸ್ಮಾತ್ತಾಗಿ ಬಂದೊದಗಿದ ಕೊರತೆಗೂ ಅಂತರವಿದೆ. ಎರಡನೆಯದರೊಡನೆ ಬಾಳುವೆ ಮಾಡಬೇಕಾಗುತ್ತದೆ. 1977ರಲ್ಲಿ ಬಂದ ಟ್ರಾವೆಲರ್ ಎಂಬ ನಕ್ಷತ್ರಲೋಕದ ಆಟದಲ್ಲಿ ಪಾತ್ರವು ತನ್ನ ಪೂರ್ವಚರಿತ್ರೆಗೆ ದಾಳ ಹಾಕುತ್ತಿರುವಾಗಲೇ, ಕಥೆ ಮೊದಲಾಗುವ ಮುಂಚೆಯೇ, ಸತ್ತುಹೋಗಲೂಬಹುದಾಗಿತ್ತು. ದೈವಕ್ಕೆ ಅಷ್ಟು ಸಲಿಗೆ ಕೊಡುವುದು ಅತಿಯಾಯಿತೆಂದೇ ಹೇಳಬೇಕು.

ಗುಣವಾದ ಮೇಲೆ ವೃತ್ತಿ. 1974ರಲ್ಲಿ ಇದ್ದುದು ಯೋಧ, ಮಾಂತ್ರಿಕ, ಪುರೋಹಿತ ಎಂಬ ಮೂರೇ. ಕಳ್ಳನು ಮರುವರ್ಷ ಬಂದು ಸೇರಿಕೊಂಡನು. ದಶರೂಪಕವನ್ನು ಓದಿದವರಿಗೆ ಧನಂಜಯನು ಮಾಡಿದ ನಾಯಕವಿಭಾಗ ಇಲ್ಲಿ ನೆನಪಾಗದಿರದು: ಧೀರೋದಾತ್ತ, ಧೀರಲಲಿತ, ಧೀರಶಾಂತ, ಧೀರೋದ್ಧತ. ಆದರೆ ಧನಂಜಯನದು ಸ್ವಭಾವದ ವಿಂಗಡಣೆ, ಇದು ಕಸುಬಿನ ವಿಂಗಡಣೆ. ಯೋಧನು ಉದಾತ್ತನೋ ಉದ್ಧತನೋ ಎಂಬುದನ್ನು ಆಡುವವನೇ ತುಂಬಬೇಕು. 2014ರ ಪುಸ್ತಕವು ಇದನ್ನರಿತು, ಪಾತ್ರಕ್ಕೊಂದು ಆದರ್ಶ, ಒಂದು ಬಂಧ, ಒಂದು ದೋಷವನ್ನು ಬರೆಯಲು ಹಾಳೆಯಲ್ಲಿಯೇ ಜಾಗ ಮಾಡಿಕೊಟ್ಟಿತು. ಬಂಧವೆಂದರೆ ಆ ಪಾತ್ರವನ್ನು ಯಾವುದೋ ಒಂದು ಜೀವಕ್ಕೆ, ಊರಿಗೆ, ವಸ್ತುವಿಗೆ ಕಟ್ಟಿಹಾಕುವ ಹಗ್ಗ.

ತೊಡಕು ಇರುವುದು ಈ ಸಾಲಿನಲ್ಲಿ. ಹೊಸದಾಗಿ ಆಡಲು ಬಂದವರ ಹಾಳೆಗಳನ್ನು ತಿರುವಿದರೆ ಅನಾಥಾಲಯದ ದಾಖಲೆಯನ್ನು ನೋಡಿದಂತಾಗುವುದು. ಒಬ್ಬನ ತಂದೆತಾಯಿಗಳನ್ನು ದರೋಡೆಗಾರರು ಕೊಂದರು. ಇನ್ನೊಬ್ಬನ ಊರನ್ನೇ ಡ್ರ್ಯಾಗನ್ ಸುಟ್ಟಿತು. ಮತ್ತೊಬ್ಬಳು ತೊರೆಯ ದಡದಲ್ಲಿ ಸಿಕ್ಕಿದ ಮಗು. ಇದರ ಒಳಗೊಂದು ಲೆಕ್ಕಾಚಾರವಿದೆ. ಮನೆಯಲ್ಲಿ ತಾಯಿ ಇದ್ದಾಳೆಂದು ಬರೆದರೆ ಸೂತ್ರಧಾರನು ಒಂದಲ್ಲ ಒಂದು ದಿನ ಅವಳನ್ನು ಹಿಡಿದು ಸೆರೆಯಲ್ಲಿಡುವನು. ಯಾರೂ ಇಲ್ಲದವನನ್ನು ಯಾವುದರಿಂದ ಹೆದರಿಸುವುದು? ಹೀಗೆ ಕಳೆದುಕೊಳ್ಳುವುದಕ್ಕೆ ಏನನ್ನೂ ಇಟ್ಟುಕೊಳ್ಳದ ವೀರರು ಗುಹೆಯಿಂದ ಗುಹೆಗೆ ನಡೆದು ಹೊನ್ನು ಕೂಡಿಹಾಕುತ್ತಾರೆ. ಕಥೆ ಮಾತ್ರ ಮುಂದಕ್ಕೆ ಸಾಗದು. ಕುಂತಿಯೂ ರಾಧೆಯೂ ಇಲ್ಲದ ಕರ್ಣನನ್ನು ಊಹಿಸಿಕೊಳ್ಳಬಹುದೆ? ಅವನ ಕವಚವನ್ನು ಇಂದ್ರನು ಬೇಡಿ ಒಯ್ದನು, ಸರಿ. ಅವನನ್ನು ಕಟ್ಟಿಹಾಕಿದುದಾದರೋ ರಾಧೆಯ ಹಾಲು, ದುರ್ಯೋಧನನ ಉಪ್ಪು.

ಬೆಂಗಳೂರಿನ ಒಂದು ಮನೆಯಲ್ಲಿ ಶನಿವಾರದ ಸಂಜೆ ಐವರು ಕೂಡಿ ಆಡುತ್ತಿದ್ದರು. ಸೂತ್ರಧಾರಿಣಿಯು ಆ ಮನೆಯ ಹಿರಿಯ ಮಗಳು, ಎಲ್ಲರಿಗೂ ಅಕ್ಕ. ಉಳಿದ ನಾಲ್ವರಲ್ಲಿ ಒಬ್ಬನು ಮಲೆನಾಡಿನಿಂದ ಕೆಲಸಕ್ಕೆಂದು ಬಂದ ಹುಡುಗ. ಅಡಿಕೆತೋಟವನ್ನು ಬಿಟ್ಟು ಬಂದ ವಿಷಯವಾಗಿ ತಂದೆಗೂ ಅವನಿಗೂ ಮಾತು ನಿಂತು ವರ್ಷ ಕಳೆದಿದ್ದಿತು. ಹಳೆಯ ಪದ್ಧತಿಯಂತೆ ಮೂರು ದಾಳ ಹಾಕಿದಾಗ ಅವನಿಗೆ ಬಲ 13, ಚುರುಕು 6 ಬಂದವು. ಯೋಧನೆಂದು ಬರೆದನು. ಕುಟುಂಬದ ಎಡೆಯಲ್ಲಿ, ಯಾರೂ ಇಲ್ಲ, ಊರು ಸುಟ್ಟುಹೋಯಿತು ಎಂದು ಬರೆದನು.

ಅಕ್ಕ ಹಾಳೆಯನ್ನು ನೋಡಿ, “ಸುಟ್ಟ ದಿವಸ ನೀನೆಲ್ಲಿದ್ದೆಯೋ?” ಎಂದಳು.

“ಊರಲ್ಲಿರಲಿಲ್ಲ ಅಕ್ಕ.”

“ಅದು ಗೊತ್ತಾಯಿತು. ಎಲ್ಲಿದ್ದೆ?”

ಹುಡುಗನು ದಾಳವನ್ನು ಕೈಯಲ್ಲಿ ಹೊರಳಿಸುತ್ತ ಸ್ವಲ್ಪ ಹೊತ್ತು ಸುಮ್ಮನಿದ್ದನು. “ಪೇಟೆಗೆ ಹೋಗಿದ್ದೆ. ಅಪ್ಪ ಬೇಡ ಅಂದಿದ್ದರು.”

“ಹಾಗಾದರೆ ನೀನು ಕಣ್ಣಾರೆ ಕಂಡವನಲ್ಲ. ಅಪ್ಪ ಸತ್ತರೆಂದು ನಿನಗೆ ಹೇಳಿದವರು ಯಾರು?”

ಮಿಕ್ಕವರು ಚಕ್ಕುಲಿಯ ತಟ್ಟೆಯ ಕಡೆ ತಿರುಗಿದ್ದರು. ಅವನು ರಬ್ಬರಿನಿಂದ ಆ ಸಾಲನ್ನು ಉಜ್ಜಿ, ‘ತಂದೆ: ಕಮ್ಮಾರ’ ಎಂದಷ್ಟು ಬರೆದು, ಬದುಕಿರುವರೋ ಇಲ್ಲವೋ ಎಂಬುದನ್ನು ಬರೆಯದೆ ಬಿಟ್ಟನು.

ಎರಡು ತಿಂಗಳ ಮೇಲೆ, ಕಥೆಯಲ್ಲಿ ನಿರಾಶ್ರಿತರ ಬೀಡೊಂದು ಬಂದಿತು. ಅಲ್ಲಿ ಕುಲುಮೆಯ ಮುಂದೆ ಒಬ್ಬ ಮುದುಕನು ಕೆಮ್ಮುತ್ತ ಕುಳಿತಿದ್ದಾನೆಂದು ಅಕ್ಕ ವರ್ಣಿಸಿದಳು. ಯೋಧನು ಹತ್ತಿರ ಹೋದನು. ಮುದುಕನು ಏನನ್ನೆಲ್ಲ ಹೇಳಿಯಾನೆಂದು ಹುಡುಗನು ಕಾದಿದ್ದನೋ ಏನೋ, ಅಕ್ಕನು ಮುದುಕನ ದನಿಯಲ್ಲಿ ಕೇಳಿದುದು, “ಊಟ ಆಯ್ತೇನೋ?” ಎಂದು. ರಾಕ್ಷಸರೆದುರು ದಾಳ ಹಾಕಲು ಒಮ್ಮೆಯೂ ತಡೆಯದ ಹುಡುಗನಿಗೆ ಆ ಮಾತಿಗೆ ಉತ್ತರ ಹೇಳಲಾಗಲಿಲ್ಲ. ಆ ಸಂಜೆ ಆಟವನ್ನು ಅಲ್ಲಿಗೇ ಮುಗಿಸಿದರು.

ಅವನು ಊರಿಗೆ ಹೋದನೆ, ತಂದೆಯೊಡನೆ ಮಾತಾಡಿದನೆ ಎಂದು ವಾಚಕರು ಕೇಳಬಹುದು. ಆಟವು ಅಷ್ಟನ್ನೆಲ್ಲ ಮಾಡಿಸಲಿಲ್ಲ. ಮುಂದಿನ ಶನಿವಾರ ಅವನು ಬಂದು ಕುಳಿತವನೇ ಆ ಕಮ್ಮಾರನ ಕೆಮ್ಮು ಹೇಗಿದೆಯೆಂದೂ, ಮದ್ದಿಗೆ ಎಷ್ಟು ಹೊನ್ನಾದೀತೆಂದೂ ವಿಚಾರಿಸಿದನು. ಅವನ ಹಾಳೆಯಲ್ಲಿದ್ದುದು 11 ಹೊನ್ನು. ಅಕ್ಕ 40 ಎಂದಳು. ಮದ್ದಿನ ಬೇರು ಬೆಟ್ಟದಲ್ಲಿ ಬಿಟ್ಟಿಯಾಗಿ ಸಿಕ್ಕುವುದೆಂದೂ, ದಾರಿಯಲ್ಲಿ ಒಂದು ಹಗ್ಗದ ಸೇತುವೆಯಿದೆಯೆಂದೂ ಸೇರಿಸಿದಳು. ಮಿಕ್ಕ ಮೂವರು ಗೊಣಗುತ್ತ ಪೂರ್ವದಿಕ್ಕಿನ ನಿಧಿಯನ್ನು ಬಿಟ್ಟು, ಚುರುಕು 6ರ ಆ ಯೋಧನನ್ನು ಸೇತುವೆ ದಾಟಿಸುವುದು ಹೇಗೆಂದು ಆಲೋಚಿಸತೊಡಗಿದರು.