ಮೆಜೆಸ್ಟಿಕ್ಕಿನಿಂದ ಕಾಡುಗೋಡಿಗೆ

ಕಾಶಿ ರಾಮೇಶ್ವರಗಳ ಯಾತ್ರಾವೃತ್ತಾಂತವನ್ನು ಬರೆಯುವವರು ಬಹುಮಂದಿ ಇರುವರು. ನಾವು ಇಲ್ಲಿ ಬರೆಯಹೊರಟಿರುವುದು ಒಂದೇ ಊರಿನೊಳಗಣ ಯಾತ್ರೆ. ಬೆಂಗಳೂರಿನ ಮೆಜೆಸ್ಟಿಕ್ಕಿನಲ್ಲಿ ಬಸ್ಸು ಹತ್ತಿ, ಊರಿನ ಮೂಡಣ ಅಂಚಿನಲ್ಲಿರುವ ಕಾಡುಗೋಡಿಯಲ್ಲಿಳಿದು, ಸಂಜೆಗೆ ಹಿಂದಿರುಗಿದೆವು. ಈ ಪ್ರಯಾಣಕ್ಕೆ ಹಾಸಿಗೆ ಬುತ್ತಿಗಳು ಬೇಕಾಗಿಲ್ಲ. ತಾಳ್ಮೆಯೊಂದು ಮಾತ್ರ ತುಸು ಹೆಚ್ಚಾಗಿ ಬೇಕು.

ನಮ್ಮನ್ನು ಹೊರಡಿಸಿದವರು ನಮ್ಮ ಅತ್ತಿಗೆಯವರು. ಅವರಿಗೆ ಈಗ ಅರುವತ್ತೆಂಟು ವರ್ಷ. ಅಣ್ಣನವರು ಇದ್ದಷ್ಟು ಕಾಲ ಅವರ ಸ್ಕೂಟರು ಹೋದಷ್ಟು ದೂರವೇ ಅತ್ತಿಗೆಯವರ ಬೆಂಗಳೂರು. ಅಣ್ಣನವರು ತೀರಿಕೊಂಡ ಮೇಲೆ ಆ ಬೆಂಗಳೂರು ಇನ್ನೂ ಕಿರಿದಾಗಿ, ತರಕಾರಿಯ ಅಂಗಡಿಗೂ ದೇವಸ್ಥಾನಕ್ಕೂ ನಿಂತಿತು. ಆಟೋರಿಕ್ಷಾಕ್ಕೆ ಹಣ ಬೇಕೆಂದರೆ ಮಕ್ಕಳು ಇಲ್ಲವೆನ್ನುತ್ತಿರಲಿಲ್ಲ. ಆದರೆ ಅತ್ತಿಗೆಯವರು ಕೇಳುತ್ತಿರಲಿಲ್ಲ. ಅವರ ಅಕ್ಕನವರು ಕಾಡುಗೋಡಿಯಲ್ಲಿ ಮಗನ ಮನೆಯಲ್ಲಿರುವರು. ಪಾರ್ಶ್ವವಾಯು ಹೊಡೆದು ಅವರ ಬಲಗೈ ಸ್ವಾಧೀನ ತಪ್ಪಿದೆ. ಒಂದೇ ಊರಿನಲ್ಲಿದ್ದೂ ಅಕ್ಕತಂಗಿಯರು ಮದುವೆ ಮುಂಜಿಗಳಲ್ಲಿ ಮಾತ್ರ ಒಬ್ಬರ ಮುಖವನ್ನೊಬ್ಬರು ನೋಡುವಂತಾಗಿದ್ದಿತು.

ಹೀಗಿರಲು 2023ನೆಯ ಇಸವಿಯ ಜೂನ್ 11ರಂದು ಕರ್ನಾಟಕ ಸರ್ಕಾರದವರು ಶಕ್ತಿ ಎಂಬ ಯೋಜನೆಯನ್ನು ಜಾರಿಗೆ ತಂದರು. ಈ ರಾಜ್ಯದಲ್ಲಿ ನೆಲೆಸಿದ ಹೆಂಗಸರು ಗುರುತಿನ ಚೀಟಿಯನ್ನು ತೋರಿಸಿ ಸಾಧಾರಣ ಬಸ್ಸುಗಳಲ್ಲಿ ದುಡ್ಡು ಕೊಡದೆ ಪ್ರಯಾಣ ಮಾಡಬಹುದೆಂದು ಗೊತ್ತಾಯಿತು. ಆ ಬಳಿಕ ಅತ್ತಿಗೆಯವರು ಗುರುವಾರ ಗುರುವಾರ ಒಂದು ಕೈಚೀಲವನ್ನು ಹಿಡಿದು ಕಾಡುಗೋಡಿಗೆ ಹೊರಡತೊಡಗಿದರು. ನಾವಾದರೋ ಈ ಯೋಜನೆಯನ್ನು ಮೊದಲಿನಿಂದಲೂ ಆಕ್ಷೇಪಿಸಿದವರು. ಬಿಟ್ಟಿಯಾಗಿ ದೊರೆತ ವಸ್ತುವಿಗೆ ಬೆಲೆಯಿರುವುದಿಲ್ಲವೆಂದೂ, ಸರ್ಕಾರವು ಸಾರಿಗೆ ಸಂಸ್ಥೆಗಳಿಗೆ ಕಟ್ಟಿಕೊಡುವ ಹಣವು ಕಡೆಗೆ ನಮ್ಮೆಲ್ಲರ ಹಣವೇ ಎಂದೂ ಊಟದ ಹೊತ್ತಿನಲ್ಲಿ ಉಪನ್ಯಾಸ ಮಾಡಿದ್ದುಂಟು. ಒಂದು ದಿನ ಅತ್ತಿಗೆಯವರು ಹುಳಿ ಬಡಿಸುತ್ತ, "ಒಂದು ಗುರುವಾರ ನನ್ನ ಜೊತೆ ಬಂದು ನೋಡಪ್ಪ, ಆಮೇಲೆ ಮಾತಾಡು" ಎಂದರು. ನಾವು ಹೊರಟೆವು.

ಮೆಜೆಸ್ಟಿಕ್ ಎಂಬುದು ಒಂದು ಚಿತ್ರಮಂದಿರದ ಹೆಸರು. ಅದೇ ಬಡಾವಣೆಗೂ ಅಂಟಿಕೊಂಡಿತು. ಕಾಗದಪತ್ರಗಳಲ್ಲಿ ಕೆಂಪೇಗೌಡ ಬಸ್ ನಿಲ್ದಾಣವೆಂದಿದ್ದರೂ ಹಾಗೆನ್ನುವ ಪ್ರಯಾಣಿಕರನ್ನು ನಾವು ಕಂಡಿಲ್ಲ. ಈ ನಿಲ್ದಾಣವಿರುವುದು ಹಿಂದಿನ ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ. ಊರಿಗೆ ನೀರು ಕೊಟ್ಟ ಕೆರೆಯು ಬತ್ತಿಹೋಗಿ, ಅದೇ ಸ್ಥಳದಲ್ಲಿ ಈಗ ಜನರ ಹೊಳೆಯು ಹರಿಯುತ್ತಿದೆ. ಊರಿನಲ್ಲಿ ಬಸ್ಸುಗಳನ್ನು ನಡೆಸಲೆಂದು 1940ರಲ್ಲಿ ಬೆಂಗಳೂರು ಟ್ರಾನ್ಸ್‌ಪೋರ್ಟ್ ಕಂಪನಿಯು 98 ಬಸ್ಸುಗಳೊಡನೆ ಆರಂಭವಾಯಿತು. 1956ರಲ್ಲಿ ಅದು ಸರ್ಕಾರದ ವಶವಾಗಿ ಬೆಂಗಳೂರು ಟ್ರಾನ್ಸ್‌ಪೋರ್ಟ್ ಸರ್ವಿಸ್ ಎನಿಸಿತು. ಅದನ್ನೇ ಚಿಕ್ಕದಾಗಿ ಬಿ.ಟಿ.ಎಸ್. ಎನ್ನುತ್ತಿದ್ದರು, 'ಬಿಟ್ಟರೆ ತಿರುಗಿ ಸಿಗದು' ಎಂದು ಪರಿಹಾಸ್ಯದವರು ಅದಕ್ಕೆ ಅರ್ಥ ಹೇಳುತ್ತಿದ್ದರು. ಈಗಿನ ಬೆಂಗಳೂರು ಮಹಾನಗರ ಸಾರಿಗೆ ಸಂಸ್ಥೆಯು, ಅಂದರೆ ಬಿ.ಎಂ.ಟಿ.ಸಿ.ಯು, ರಾಜ್ಯದ ಸಾರಿಗೆ ಸಂಸ್ಥೆಯಿಂದ ಬೇರ್ಪಟ್ಟು 1997ರ ಆಗಸ್ಟ್ 15ರಂದು ಸ್ವತಂತ್ರವಾಯಿತು. ಹೆಸರು ಬದಲಾದರೂ ಆ ಹಳೆಯ ಪರಿಹಾಸ್ಯವು ಹಿರಿಯರ ಬಾಯಲ್ಲಿ ಇನ್ನೂ ಉಳಿದಿರುವುದು.

ಕಾಡುಗೋಡಿಯ ಬಸ್ಸಿಗೆ 335 ಇ ಎಂದು ಸಂಖ್ಯೆ. ಆ ಸಂಖ್ಯೆಯನ್ನು ಕಂಡೊಡನೆ ನಾವು ಗಂಭೀರವಾಗಿ ಮುಂದೆ ನಡೆದು ಒಂದು ಬಸ್ಸನ್ನು ಹತ್ತಿ, ತಂಪಾದ ಗಾಳಿಯು ಮುಖಕ್ಕೆ ತಗಲಲು ಸಂತೋಷಪಟ್ಟೆವು. ಅತ್ತಿಗೆಯವರು ಕೆಳಗೇ ನಿಂತಿದ್ದರು. "ಇಳಿಯಪ್ಪ, ಅದು ವಜ್ರ. ಕಿಟಕಿ ಮುಚ್ಚಿರೋದರಲ್ಲಿ ನಮ್ಮ ಚೀಟಿ ನಡೆಯೋದಿಲ್ಲ" ಎಂದರು. ಎಂ.ಎ. ಓದಿದ ನಾವು ಇಳಿದು, ನಾಲ್ಕನೆಯ ಇಯತ್ತೆಯ ವರೆಗೆ ಓದಿದ ಅತ್ತಿಗೆಯವರ ಹಿಂದೆ ನಡೆದೆವು. ಯಾವ ಕಂಬದ ಬಳಿ ನಿಂತರೆ ಬಾಗಿಲು ಎದುರಿಗೆ ಬರುವುದೆಂಬುದೂ ಅವರಿಗೆ ತಿಳಿದಿದ್ದಿತು. ಬಸ್ಸು ಬಂದಿತು, ಅವರು ಮುಂದಿನ ಬಾಗಿಲಿನಿಂದಲೂ ನಾವು ಹಿಂದಿನದರಿಂದಲೂ ಹತ್ತಿದೆವು. ಅವರಿಗೆ ಕಿಟಕಿಯ ಪಕ್ಕದ ಸ್ಥಳ ದೊರೆಯಿತು. ನಮಗೆ ಮೇಲಣ ಸರಳು ದೊರೆಯಿತು.

ಕಂಡಕ್ಟರು ಅತ್ತಿಗೆಯವರಿಗೆ ಶೂನ್ಯವೆಂದು ಅಚ್ಚಾದ ಟಿಕೆಟ್ಟನ್ನೂ ನಮಗೆ ಹಣದ ಟಿಕೆಟ್ಟನ್ನೂ ಕೊಟ್ಟರು. ನಮ್ಮ ನೂರು ರೂಪಾಯಿಯ ನೋಟಿಗೆ ಚಿಲ್ಲರೆಯಿಲ್ಲದ ಕಾರಣ ಬಾಕಿಯನ್ನು ಟಿಕೆಟ್ಟಿನ ಬೆನ್ನಿನ ಮೇಲೆ ಬರೆದರು. ಇದು ಬೆಂಗಳೂರಿನ ಬಸ್ಸುಗಳಲ್ಲಿ ಬಹುಕಾಲದಿಂದ ನಡೆದುಬಂದ ಸಾಲಪತ್ರ. ಇಳಿಯುವ ಮುನ್ನ ಜ್ಞಾಪಿಸಿ ಕೇಳಿದವನಿಗೆ ಹಣವುಂಟು. ಮರೆತವನಿಗೆ ಕಾಗದವೇ ಗತಿ.

ಒಂದು ಸೀಟಿಗೆ ನಿಲ್ಲುತ್ತ ಎರಡು ಸೀಟಿಗೆ ಹೊರಡುತ್ತ, ಪ್ರಾಚೀನವಾದ ಚೊಕ್ಕನಾಥಸ್ವಾಮಿಯ ಗುಡಿಯಿರುವ ದೊಮ್ಮಲೂರನ್ನು ದಾಟಿ, ವಿಮಾನ ಕಾರ್ಖಾನೆಯ ದಾರಿಯನ್ನು ಹಿಡಿದೆವು. ಆ ಕಾರ್ಖಾನೆಯೂ 1940ರಲ್ಲಿಯೇ ಹುಟ್ಟಿದ್ದು. ವಿಮಾನವೂ ಸಿಟಿ ಬಸ್ಸೂ ಬೆಂಗಳೂರಿನಲ್ಲಿ ಒಂದೇ ವರ್ಷದ ಮಕ್ಕಳೆಂದು ನಮಗೆ ಹೊಳೆದು, ಪಕ್ಕದಲ್ಲಿ ನಿಂತಿದ್ದವರಿಗೆ ಹೇಳಿದೆವು. ಅವರು ಕಿವಿಯಲ್ಲಿದ್ದ ತಂತಿಯನ್ನು ತೆಗೆದು, "ಏನು ಸಾರ್?" ಎಂದು ಕೇಳಿ, ಮತ್ತೆ ಸಿಕ್ಕಿಸಿಕೊಂಡರು.

ಮಾರತಹಳ್ಳಿಯಲ್ಲಿ ಬಸ್ಸು ಮುಕ್ಕಾಲು ಪಾಲು ಹೆಂಗಸರಿಂದಲೇ ತುಂಬಿತು. ದೊಡ್ಡ ದೊಡ್ಡ ವಸತಿಗೃಹಗಳಲ್ಲಿ ಅಡಿಗೆ ಮಾಡುವವರು, ನೆಲ ಒರಸುವವರು, ಮಕ್ಕಳನ್ನು ನೋಡಿಕೊಳ್ಳುವವರು. ಅವರಲ್ಲಿ ಒಬ್ಬಾಕೆ ಅತ್ತಿಗೆಯವರನ್ನು ಗುರುತು ಹಿಡಿದು, "ಅಮ್ಮಾ, ಅಕ್ಕಾವ್ರು ಹೇಗವ್ರೆ?" ಎಂದಳು. ಮಾತಿನಿಂದ ತಿಳಿದುದೇನೆಂದರೆ, ಈಕೆ ಹಿಂದೆ ಬಸ್ಸಿನ ಖರ್ಚು ಉಳಿಸಲು ಮನೆಗೆ ಹತ್ತಿರದಲ್ಲಿ ಕಡಮೆ ಸಂಬಳಕ್ಕೆ ಇದ್ದಳು. ಈಗ ದೂರದ ಮನೆಯೊಂದರಲ್ಲಿ ಹೆಚ್ಚಿನ ಸಂಬಳಕ್ಕೆ ಸೇರಿರುವಳು. ನಮ್ಮ ಊಟದ ಹೊತ್ತಿನ ಉಪನ್ಯಾಸದಲ್ಲಿ ಈ ಲೆಕ್ಕವು ಸೇರಿರಲಿಲ್ಲ. ಆದರೂ ನಿಷ್ಪಕ್ಷಪಾತವಾಗಿ ಹೇಳಬೇಕಾದರೆ, ಜನ ಹೆಚ್ಚಿದಷ್ಟು ಬಸ್ಸುಗಳೂ ಹೆಚ್ಚಬೇಕಷ್ಟೆ. ಹಣ ಕೊಟ್ಟು ಒಂಟಿಕಾಲಿನಲ್ಲಿ ನಿಂತ ಗಂಡಸಿನ ಗೊಣಗಾಟವನ್ನು ಬರಿಯ ಅಸೂಯೆಯೆಂದು ತಳ್ಳಿಹಾಕಲಾಗದು. ಕುಂದಲಹಳ್ಳಿಯ ವರೆಗೆ ಆ ಗೊಣಗಾಟದಲ್ಲಿ ನಮ್ಮದೂ ಒಂದು ಪಾಲಿದ್ದಿತು.

ಅಲ್ಲಿಂದ ಮುಂದೆ ಗಾಜಿನ ಕಚೇರಿಗಳು, ಆಮೇಲೆ ವೈಟ್‌ಫೀಲ್ಡು. 1882ರಲ್ಲಿ ಆಂಗ್ಲೋ ಇಂಡಿಯನ್ ಜನರ ಬೇಸಾಯದ ವಸತಿಯಾಗಿ ನೆಲೆಗೊಂಡ ಈ ಊರಿನಲ್ಲಿ ಇಂದು ಬೇಸಾಯವನ್ನು ಹುಡುಕಿದರೂ ಕಾಣದು. 2023ರಿಂದ ಮೆಟ್ರೋ ರೈಲು ಕೂಡ ಇಲ್ಲಿಯ ವರೆಗೆ ಬರುತ್ತಿದೆ. ಅದರಲ್ಲಿ ಬೇಗನೆ ಬರಬಹುದಲ್ಲವೆ ಎಂದು ಅತ್ತಿಗೆಯವರನ್ನು ಕೇಳಿದೆವು. "ಬೇಗ ಬರಬಹುದು. ಅದಕ್ಕೆ ದುಡ್ಡು ಕೇಳಬೇಕಲ್ಲ" ಎಂದರು.

ಅಕ್ಕನವರು ಬಾಗಿಲಿನೆದುರಿನ ಕುರ್ಚಿಯಲ್ಲಿ ಕುಳಿತು ಕಾಯುತ್ತಿದ್ದರು. ಅತ್ತಿಗೆಯವರು ಕೈಕಾಲು ತೊಳೆದುಬಂದು, ಕೈಚೀಲದಿಂದ ಕೊಬ್ಬರಿಯೆಣ್ಣೆಯ ಸೀಸೆಯನ್ನೂ ಬಾಚಣಿಗೆಯನ್ನೂ ತೆಗೆದರು. ಮನೆಯಲ್ಲಿ ಸೊಸೆ ಇದ್ದಾಳೆ, ಒಳ್ಳೆಯವಳೇ; ಆದರೆ ಬೆಳಗ್ಗೆ ಕಚೇರಿಗೆ ಓಡುವವಳು. ಬಲಗೈ ಆಡದವರಿಗೆ ತಮ್ಮ ತಲೆಯನ್ನು ತಾವು ಬಾಚಿಕೊಳ್ಳಲಾಗದೆಂಬುದು ನಮಗೆ ಅಂದಿನ ವರೆಗೆ ತೋಚಿಯೇ ಇರಲಿಲ್ಲ. ಅತ್ತಿಗೆಯವರು ಒಂದೊಂದೇ ಸಿಕ್ಕನ್ನು ಬಿಡಿಸಿ, ಎಣ್ಣೆ ಹಚ್ಚಿ, ತೆಳ್ಳಗೆ ಜಡೆ ಹೆಣೆದರು. ಅಷ್ಟು ಹೊತ್ತೂ ಇಬ್ಬರೂ ಅರುವತ್ತು ವರ್ಷಗಳ ಹಿಂದಿನ ಒಂದು ಹುಣಿಸೆಯ ಮರವನ್ನು ಕುರಿತು ಜಗಳವಾಡುತ್ತಿದ್ದರು. ನಾವು ಹೊರಗೆ ಜಗಲಿಯ ಮೇಲೆ ಕುಳಿತೆವು.

ಹೊರಡುವಾಗ ಅಕ್ಕನವರು, "ಮತ್ತೆ ಯಾವಾಗ ಬರ್ತೀಯೆ?" ಎಂದು ಕೇಳಿದರು.

"ಗುರುವಾರ ಅಲ್ಲವೇನೆ" ಎಂದರು ಅತ್ತಿಗೆಯವರು, ಹಾಲಿನವನು ನಾಳೆ ಬರುವನೆನ್ನುವಷ್ಟು ಸಹಜವಾಗಿ.

ಹಿಂದಿರುಗುವ ಬಸ್ಸಿನಲ್ಲಿ ದೇವರ ದಯದಿಂದ ನಮಗೂ ಕೂರಲು ಸ್ಥಳ ದೊರೆಯಿತು. ಈ ಸಲವೂ ನಮ್ಮ ಬಾಕಿಯು ಟಿಕೆಟ್ಟಿನ ಬೆನ್ನನ್ನೇರಿತು. ಮಾರತಹಳ್ಳಿಯಲ್ಲಿ ವಾಹನಗಳ ಸಂದಣಿಗೆ ಸಿಲುಕಿ ಬಸ್ಸು ನಿಂತಿತು, ನಾವು ನಿದ್ದೆಹೋದೆವು. ಎಚ್ಚರವಾದಾಗ ಅತ್ತಿಗೆಯವರು ಭುಜವನ್ನು ಅಲುಗಿಸುತ್ತಿದ್ದರು.

"ಏಳಪ್ಪ, ಮೆಜೆಸ್ಟಿಕ್ ಬಂತು. ಚಿಲ್ಲರೆ ಇಸಕೊಂಡೆಯೋ ಇಲ್ಲವೋ?"

ನಾವು ಜೇಬಿನಲ್ಲಿ ಟಿಕೆಟ್ಟನ್ನು ತಡಕುವಷ್ಟರಲ್ಲಿ ಕಂಡಕ್ಟರು ಜನಸಂದಣಿಯಲ್ಲಿ ಎತ್ತಲೋ ಹೋಗಿದ್ದರು. ಅತ್ತಿಗೆಯವರು ತಮ್ಮ ಶೂನ್ಯದ ಟಿಕೆಟ್ಟನ್ನು ನಾಲ್ಕಾಗಿ ಮಡಿಸಿ ಕೈಚೀಲದೊಳಕ್ಕೆ ಹಾಕಿಕೊಂಡು, ನಮಗಿಂತ ಮುಂದಾಗಿ ಮೆಟ್ಟಲಿಳಿದರು.