ಟ್ರಂಕಿನ ಫೋಟೋ, ಡಿಸ್ಕಿನ ಫೋಟೋ

2019ರ ಆಗಸ್ಟ್ ತಿಂಗಳು ನಿಮಗೆಲ್ಲ ನೆನಪ ಇರಬೇಕು. ಹಿಡಕಲ್ ಡ್ಯಾಮ್ ತುಂಬಿ, ಘಟಪ್ರಭಾ ಉಕ್ಕಿ ಬಂದು ಲೋಳಸೂರ ಸೇತುವೆ ಮುಳುಗಿತ್ತು. ಗೋಕಾಕದಾಗ ನದಿ ಕಡೆ ಓಣಿಗೆಲ್ಲ ನೀರು ಹೊಕ್ಕಿತ್ತು. ನಾವು ಉಟ್ಟ ಬಟ್ಟಿ ಮ್ಯಾಲೆ ಎದ್ದು ಹೋದಿವಿ. ತಿರುಗಿ ಬಂದು ಟ್ರಂಕ್ ತಗದ್ರ, ಮದುವಿ ಅಲ್ಬಮ್ ರಾಡಿ ಆಗಿತ್ತು. ಫೋಟೋ ಒಂದಕ್ಕೊಂದು ಅಂಟಿದ್ದು, ಬಿಡಿಸಾಕ ಹೋದ್ರ ಮಾರಿನ ಕಿತ್ತು ಬರತಿತ್ತು. ನಮ್ಮ ಅವ್ವನ ಹರೇದಾಗಿನ ಫೋಟೋ ಒಂದು ಉಳೀತು. ಯಾಕಂದ್ರ ಅದರ ಇನ್ನೊಂದು ಪ್ರತಿ ಹುಕ್ಕೇರಿ ಚಿಗವ್ವನ ಮನಿ ಗ್ವಾಡಿ ಮ್ಯಾಲಿತ್ತು.

ಈಗ ಫೋಟೋ ಎಲ್ಲಾ ಮೊಬೈಲ್‌ನ್ಯಾಗ. ಹೋದ ವರ್ಷ ಅದೂ ತುಂಬಿ "ಜಾಗಾ ಇಲ್ಲ" ಅನ್ನಾಕ ಹತ್ತಿತು. "ಅವ್ವಾ, ಒಂದು ಹಾರ್ಡ್ ಡಿಸ್ಕ್ ತಗೊಳ್ಳೋಣು" ಅಂದ ಮಗ. ಅದರಾಗ ಎರಡು ನಮೂನಿ. ಹಾರ್ಡ್ ಡಿಸ್ಕಿನೊಳಗ ತಾಟಿನಂಥಾದ್ದು ತಿರಗತೈತಿ. ರೊಕ್ಕ ಕಡಿಮಿ, ಆದರ ಕೈಜಾರಿ ಬಿದ್ರ ಕೆಡತೈತಿ. ಎಸ್‌ಎಸ್‌ಡಿ ಒಳಗ ತಿರಗೂದು ಏನೂ ಇಲ್ಲ. ಲಗೂ ನಡಿತೈತಿ, ಆದರ ತುಟ್ಟಿ. ಕಪಾಟಿನ್ಯಾಗ ಇಡಾಕ ಹಾರ್ಡ್ ಡಿಸ್ಕ್ ಸಾಕು ಅಂತ 1 ಟಿಬಿದು ತಂದಿವಿ. ಕಂಪ್ಯೂಟರ್ 931 ಜಿಬಿ ಅಂತ ತೋರಿಸಿದಾಗ, ಅಂಗಡಿಯಂವ ಮೋಸ ಮಾಡಿದ ಅಂದೆ. ಹಂಗಲ್ಲಂತ. ಡಿಸ್ಕ್ ಮಾಡಾವ್ರು 1000ದ ಲೆಕ್ಕ ಹಿಡಿತಾರ, ಕಂಪ್ಯೂಟರ್ 1024ರ ಲೆಕ್ಕ ಹಿಡಿತೈತಿ.

ನಮ್ಮ ವಿಂಡೋಸ್ ಲ್ಯಾಪ್‌ಟಾಪಿನಿಂದ ಫೋಟೋ ಎಲ್ಲಾ ತುಂಬಿದಿವಿ. ದೀಪಾವಳಿಗೆ ಬಂದ ಮಗಳು ಅದನ್ನ ತನ್ನ ಮ್ಯಾಕ್‌ಗೆ ಹಚ್ಚಿದ್ಳು. ಫೋಟೋ ಕಾಣತಿದ್ದು, ಹೊಸಾವು ಹಾಕಾಕ ಬರವಲ್ದು. ಡಿಸ್ಕ್ ಎನ್‌ಟಿಎಫ್‌ಎಸ್ ಇತ್ತಂತ; ಮ್ಯಾಕ್ ಅದನ್ನ ಓದತೈತಿ, ಅದರಾಗ ಬರಿಯಂಗಿಲ್ಲ. "ಫಾರ್ಮ್ಯಾಟ್ ಹೊಡದು ಎಕ್ಸ್‌ಫ್ಯಾಟ್ ಮಾಡಿದ್ರ ಎರಡರಾಗೂ ನಡಿತೈತಿ" ಅಂದ್ಳು. ನಾ "ಹೊಡಿ" ಅಂದೇ ಬಿಟ್ಟೆ. ಆಕಿನ ಕೈ ತಡದು, "ಅವ್ವಾ, ಮೊಬೈಲ್‌ನ್ಯಾಗ ಇನ್ನಾ ಅದಾವಿಲ್ಲೋ?" ಅಂತ ಕೇಳಿದ್ಳು.

ಎಲ್ಲಿವು? ಜಾಗಾ ಮಾಡಾಕಂತ ನಾನ ಎಲ್ಲಾ ಅಳಿಸಿದ್ದೆ. ಅವ್ವ ತೀರಕೊಳ್ಳೂ ಮುಂದ ಮೊಮ್ಮಕ್ಕಳ ಜೋಡಿ ನಕ್ಕ ವಿಡಿಯೋ ಆ ಡಿಸ್ಕ್ ಬಿಟ್ರ ಎಲ್ಲೂ ಇರಲಿಲ್ಲ. ಎದಿ ಧಸಕ್ಕಂತು.

ಫಾರ್ಮ್ಯಾಟ್ ಅಂದ್ರ ಅಂಗಳಾ ಸಾರಿಸಿದಂಗ, ಹಿಂದಿನ ರಂಗೋಲಿ ಉಳಿಯಂಗಿಲ್ಲ. ಅದಕ್ಕ ಡಿಸ್ಕ್ ತಂದ ದಿನಾನ, ಖಾಲಿ ಇದ್ದಾಗನ ಮಾಡಿ ಮುಗಿಸ್ರಿ. ಫೈಲ್ ಸಿಸ್ಟಮ್ ಅಂತ ಇದ್ದಲ್ಲೆ ಎಕ್ಸ್‌ಫ್ಯಾಟ್ ಆರಿಸ್ರಿ. ಬ್ಯಾರೆ ಡಿಸ್ಕ್ ಏನರೆ ಆರಿಸೀರಿ, ಹೆಸರು ಎರಡು ಸಲ ನೋಡ್ರಿ. ಕೆಲಸ ಮುಗದ ಮ್ಯಾಲೆ 'ಇಜೆಕ್ಟ್' ಕೊಟ್ಟ ವಾಯರ್ ತಗೀರಿ. ನಡುವ ಕಿತ್ರ ಫೈಲ್ ಕೆಡತಾವ.

ಮರುದಿನ ಇನ್ನೊಂದು ಡಿಸ್ಕ್ ತಂದಿವಿ. ಮೊದಲ ಅದನ್ನ ಎಕ್ಸ್‌ಫ್ಯಾಟ್ ಮಾಡಿ, ಫೋಟೋ ತುಂಬಿ, ತಗದು ನೋಡಿದಿವಿ. ಆಮ್ಯಾಲೆನ ಹಳೇದಕ್ಕ ಫಾರ್ಮ್ಯಾಟ್ ಹೊಡದು ತಿರುಗಿ ತುಂಬಿದಿವಿ. ಈಗ ಒಂದು ನನ್ನ ಕಪಾಟಿನ್ಯಾಗ, ಇನ್ನೊಂದು ಮೂಡಲಗಿ ತಂಗಿ ಮನ್ಯಾಗ. ಯುಗಾದಿಗೊಮ್ಮೆ, ದಸರಾಕ್ಕೊಮ್ಮೆ ಹೊಸಾ ಫೋಟೋ ಹಾಕಿ ಅದಲಿ ಬದಲಿ ಮಾಡತೀವಿ. ಹುಕ್ಕೇರಿ ಗ್ವಾಡಿ ಅವತ್ತ ಕಲಿಸಿದ್ದು ನನಗ ಈಗ ತಿಳೀತು. ನಿಮ್ಮ ಫೋಟೋ ಎಷ್ಟು ಮನ್ಯಾಗ ಅದಾವ? ಇವತ್ತ ಒಮ್ಮೆ ನೋಡ್ರೆವ್ವಾ.